ವಾಗ್ದಾನದ ಉಂಗುರವೂ ಹಳೆಯ ವಜ್ರವೂ

ಹುಮನಾಬಾದಿನ ಸ್ನೇಹಿತರೊಬ್ಬರ ಮನೆಯಲ್ಲಿ ಈಚೆಗೆ ಒಂದು ವಿವಾಹ ನಿಶ್ಚಯವಾಯಿತು. ಒಪ್ಪುವೀಳ್ಯದ ದಿನ ವಧುವಿನ ಬೆರಳಿಗೆ ತೊಡಿಸುವ ಉಂಗುರಕ್ಕೆ ಹೊಸ ಹರಳನ್ನು ಕೊಳ್ಳಬೇಕಾದ ಅಗತ್ಯ ಆ ಮನೆಯವರಿಗೆ ಇರಲಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ, ಆಕೆಯ ತಾಯಿಯಿಂದ ಬಂದ ಕುಂದಣದ ಪದಕವೊಂದಿತ್ತು. ಅದರ ನಡುವೆ ತೊಗರಿಬೇಳೆಗಿಂತ ತುಸು ದೊಡ್ಡದಾದ, ಅಷ್ಟೇ ಚಪ್ಪಟೆಯಾದ ಒಂದು ವಜ್ರ. ಅದನ್ನು ಬಿಡಿಸಿ ಉಂಗುರಕ್ಕೆ ಕೂರಿಸುವುದೆಂದು ಎಲ್ಲರೂ ಒಪ್ಪಿದರು. ಹೇಗೆ ಕೂರಿಸುವುದೆಂಬಲ್ಲಿ ಮಾತ್ರ ಒಮ್ಮತ ಮುರಿಯಿತು. ವರನಿಗೆ ಈ ಕಾಲದ ರೀತಿ ಬೇಕು: ನಾಲ್ಕಾರು ಸಣ್ಣ ಕೊಕ್ಕೆಗಳ ಮೇಲೆ ಹರಳು ಎತ್ತರಕ್ಕೆ ನಿಂತು ಸುತ್ತಲೂ ಬೆಳಕಿಗೆ ತೆರೆದಿರಬೇಕು. ನಗರದ ಅಂಗಡಿಯವರು, ಹಾಗಾದರೆ ಹರಳನ್ನು ಮತ್ತೆ ಸಾಣೆ ಹಿಡಿಸಬೇಕು, ತೂಕ ಬಹಳ ಇಳಿಯುತ್ತದೆ, ಎಂದರು. ಊರಿನ ಪತ್ತಾರರು, ಕುಂದಣವನ್ನು ಬಿಚ್ಚಲೇಬಾರದು, ಎಂದರು. ಅಜ್ಜಿ ಏನೂ ಹೇಳದೆ ಪದಕವನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟರು. ಇತಿಹಾಸ ಓದಿದವನೆಂಬ ಒಂದೇ ಕಾರಣದಿಂದ ಈ ವ್ಯಾಜ್ಯ ನನ್ನ ಮುಂದೆ ಬಂದಿತು.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಮೋಟಾರಿನಲ್ಲಿ ಒಂದು ಗಂಟೆಯೂ ಹಿಡಿಯದು. ವಾಗ್ದಾನದ ಉಂಗುರವನ್ನು ಕುರಿತು ಪ್ರಶ್ನೆ ಕೇಳುವುದಕ್ಕೆ ಇದಕ್ಕಿಂತ ಯೋಗ್ಯವಾದ ಸೀಮೆ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲವೆಂದು ನಾನು ಹೇಳಿದರೆ ಶ್ರೋತೃಗಳು ಉತ್ಪ್ರೇಕ್ಷೆಯೆಂದು ಭಾವಿಸಬಾರದು. ನಿಶ್ಚಿತಾರ್ಥಕ್ಕೆ ಉಂಗುರ ತೊಡಿಸುವುದು ಪಾಶ್ಚಾತ್ಯರಿಂದ ಬಂದ ಪದ್ಧತಿಯೆಂದು ವಿದ್ಯಾವಂತರು ಹೇಳುವುದುಂಟು. ದುಷ್ಯಂತನ ಉಂಗುರವನ್ನೂ, ಹನುಮಂತನು ಲಂಕೆಗೆ ಕೊಂಡೊಯ್ದ ಉಂಗುರವನ್ನೂ ಅವರಿಗೆ ಉತ್ತರವಾಗಿ ತೋರಿಸಿದರೆ ಸಾಲದು. ಅವೆರಡೂ ಗುರುತಿನ ಉಂಗುರಗಳು, ನಿಶ್ಚಯದವಲ್ಲ. ಸರಿಯಾದ ಉತ್ತರವಿರುವುದು ಕಲ್ಯಾಣದಲ್ಲಿ ಹುಟ್ಟಿದ ಒಂದು ಧರ್ಮಶಾಸ್ತ್ರ ಗ್ರಂಥದಲ್ಲಿ.

ಚಾಲುಕ್ಯರ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ಅವನ ಮಗ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076 ರಿಂದ 1126 ರ ವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಯಲ್ಲಿ ಆತನು ಕಲ್ಯಾಣದಂತಹ ಪುರವೂ, ತನ್ನ ದೊರೆಯಂತಹ ದೊರೆಯೂ ಹಿಂದೆ ಇರಲಿಲ್ಲ, ಮುಂದೆ ಇರವು ಎಂದು ಹೇಳಿ, ಅದೇ ಉಸಿರಿನಲ್ಲಿ ತನ್ನಂತಹ ಪಂಡಿತನನ್ನೂ ಆ ಸಾಲಿಗೆ ಸೇರಿಸಿಬಿಟ್ಟಿದ್ದಾನೆ! ಬಂಗಾಳವನ್ನು ಬಿಟ್ಟು ಉಳಿದ ಭಾರತದ ಬಹುಭಾಗದ ಹಿಂದೂ ದಾಯಭಾಗವು ಎಂಟುನೂರು ವರ್ಷ ಆತನ ಮಾತಿನಂತೆ ನಡೆದುದನ್ನು ನೋಡಿದರೆ, ಈ ಹೆಮ್ಮೆಯನ್ನು ಕ್ಷಮಿಸಬಹುದು.

ಕನ್ಯೆಯನ್ನು ಮಾತುಕೊಟ್ಟು ಹಿಂದೆಗೆದುಕೊಳ್ಳುವವನು ದಂಡಾರ್ಹನು, ವರನ ಕಡೆಯ ವೆಚ್ಚವನ್ನು ಬಡ್ಡಿಸಹಿತ ಕೊಡತಕ್ಕವನು ಎಂದು ಯಾಜ್ಞವಲ್ಕ್ಯನ ವಿಧಿ. ವಾಗ್ದಾನವಾದ ಮೇಲೆ ಕನ್ಯೆ ತೀರಿಕೊಂಡರೆ, ಎರಡೂ ಕಡೆಯ ವೆಚ್ಚವನ್ನು ಕಳೆದು ವರನು ತಾನು ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಕೊಟ್ಟದ್ದು ಎಂದರೇನು? ಮೂಲದಲ್ಲಿ ವಿವರವಿಲ್ಲ. ವಿಜ್ಞಾನೇಶ್ವರನು ವಿವರಿಸುತ್ತಾನೆ: ಉಂಗುರವೇ ಮೊದಲಾದುವು, ಅಥವಾ ಶುಲ್ಕ. ಉದಾಹರಣೆಗೆ ಮೊದಲು ಅವನ ನಾಲಗೆಗೆ ಬಂದುದು ಉಂಗುರ! ಸುತ್ತಲೂ ಕಾಣುತ್ತಿದ್ದ ಆಚಾರದಿಂದಲೇ ಆತನು ಈ ಮಾತನ್ನು ಎತ್ತಿಕೊಂಡಿರಬೇಕು. ಅಲ್ಲಿಗೇ ನಿಲ್ಲದೆ, ಕನ್ಯೆಗೆ ತಾಯಿಯ ತಂದೆ ಮೊದಲಾದವರು ಕೊಟ್ಟ ತಲೆಯ ಆಭರಣಗಳೂ, ಪರಂಪರೆಯಿಂದ ಬಂದುದೂ ವರನಿಗೆ ಸಲ್ಲವು, ಆಕೆಯ ಒಡಹುಟ್ಟಿದವರಿಗೆ ಸಲ್ಲತಕ್ಕವು ಎಂದು ಬೇರೆ ಮಾಡಿದನು. ಯಾರ ಕೈಯಿಂದ ಬಂದ ಒಡವೆ ಎಂಬುದರ ಮೇಲೆ ಅದರ ಗತಿ ನಿಂತಿದೆ.

ಹುಮನಾಬಾದಿನ ಮನೆಗೆ ಈ ವಿಚಾರ ನೇರವಾಗಿ ತಟ್ಟಿತು. ಪದಕವು ಅಜ್ಜಿಗೆ ಆಕೆಯ ತಾಯಿಯಿಂದ ಬಂದುದು, ಆದುದರಿಂದ ಸ್ತ್ರೀಧನ. ಮಿತಾಕ್ಷರೆಯ ಕ್ರಮದಲ್ಲಿ ಸ್ತ್ರೀಧನವು ತಾಯಿಯ ನಂತರ ಹೆಣ್ಣುಮಕ್ಕಳಿಗೆ ಇಳಿಯುತ್ತದೆ. ಅವರಲ್ಲಿಯೂ ಮದುವೆಯಾಗದವಳಿಗೆ ಮೊದಲು. ಮಗನ ಮಗನ ಸರದಿ ಬಹಳ ದೂರ. 1956 ರ ಹಿಂದೂ ಉತ್ತರಾಧಿಕಾರದ ಶಾಸನವು ಈ ಕ್ರಮವನ್ನು ಬದಲಾಯಿಸಿ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಸಮಾನ ಮಾಡಿತೆಂಬುದು ನಿಜ. ಆದರೆ ಹುಡುಗನ ಸೋದರತ್ತೆಯ ಮನಸ್ಸಿನಲ್ಲಿ ವಿಜ್ಞಾನೇಶ್ವರನು ಇನ್ನೂ ಬದುಕಿದ್ದನು. ಆಕೆ ಬಾಯಿಬಿಟ್ಟು ಕೇಳಲಿಲ್ಲ. ಪದಕದ ಮಾತು ಬಂದಾಗಲೆಲ್ಲ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು, ಅಷ್ಟೆ. ಹರಳನ್ನು ಸಾಣೆಗೆ ಕೊಟ್ಟು ಅದರ ಅರ್ಧವನ್ನು ಪುಡಿ ಮಾಡುವುದಕ್ಕೆ ಮುಂಚೆ ಅದು ಯಾರದೆಂಬುದನ್ನು ತಿಳಿಯಬೇಡವೆ?

ಇನ್ನು ವಜ್ರದ ವಿಷಯ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸಿಂಹಾಸನದ ಮೇಲೆ ಕುಳಿತೇ ಒಂದು ವಿಶ್ವಕೋಶವನ್ನು ರಚಿಸಿದನು. ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಅದಕ್ಕೆ ಎರಡು ಹೆಸರು. ಗ್ರಂಥದೊಳಗೆ ಬರುವ ಶಕವರ್ಷ 1051, ಎಂದರೆ ಕ್ರಿ. ಶ. 1129, ಅದರ ಕಾಲವನ್ನು ಗೊತ್ತುಮಾಡಿಕೊಡುತ್ತದೆ. ಐದು ವಿಂಶತಿಗಳು, ನೂರು ಅಧ್ಯಾಯಗಳು. ಅಡಿಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದುದಿಲ್ಲ. ರಾಜನ ಬೊಕ್ಕಸವನ್ನು ವರ್ಣಿಸುವ ಭಾಗದಲ್ಲಿ ರತ್ನಪರೀಕ್ಷೆ ಬರುತ್ತದೆ; ಭೂಷಾಭೋಗವೆಂಬ ಭಾಗದಲ್ಲಿ ಆಭರಣಗಳು. ಕೆಲವು ದಶಕಗಳ ನಂತರ ಇದೇ ಊರಿನಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರು. ಚಿನ್ನದ ಕೆಲಸವನ್ನು ಬಿಟ್ಟು ಕಿನ್ನರಿ ನುಡಿಸುವುದನ್ನೇ ಕಾಯಕ ಮಾಡಿಕೊಂಡನೆಂದು ಸಂಪ್ರದಾಯವು ಹೇಳುವ ಬೊಮ್ಮಯ್ಯನೂ ಇಲ್ಲಿಯ ಶರಣನೇ. ಹುಮನಾಬಾದಿನ ಮಗ್ಗುಲಲ್ಲಿ ನೆಲೆಸಿದ ಮಾಣಿಕಪ್ರಭುಗಳ (1817–1865) ಹೆಸರಿನಲ್ಲಿಯೂ ಒಂದು ರತ್ನವಿದೆಯೆಂದು ನನಗೆ ಆಗಾಗ ತೋರುವುದುಂಟು.

ನಮ್ಮ ರತ್ನಶಾಸ್ತ್ರಜ್ಞರು ಮೆಚ್ಚಿದ ವಜ್ರವು ಈ ಕಾಲದ ಅಂಗಡಿಯ ವಜ್ರವಲ್ಲ. ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚು, ಇದು ಬುದ್ಧಭಟ್ಟನ ಲಕ್ಷಣ. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ಭೂಮಿಯಲ್ಲಿ ತಾನಾಗಿ ಬೆಳೆದ ಆಕಾರವೇ ಅದು. ಅಲಗಿನಿಂದ ಕಡಿದ, ಉಜ್ಜಿ ಸವೆಯಿಸಿದ ವಜ್ರವು ತನ್ನ ಗುಣವನ್ನು ಕಳೆದುಕೊಳ್ಳುತ್ತದೆಂದು ಅಗಸ್ತಿಮತವೆಂಬ ಗ್ರಂಥದ ಅಭಿಪ್ರಾಯ. ವರಾಹಮಿಹಿರನು ಮತ್ತೊಂದು ತೊಡಕನ್ನು ತರುತ್ತಾನೆ: ಸಂತಾನವನ್ನು ಬಯಸುವ ಸ್ತ್ರೀಯರು ವಜ್ರವನ್ನು ಧರಿಸಬಾರದೆಂದು ಕೆಲವರು ತಜ್ಞರ ಮತವಂತೆ, ಮೂರು ಮೂಲೆಯದು, ಕೊತ್ತಂಬರಿ ಬೀಜದಂತಹುದು ಮೊದಲಾದ ಕೆಲವು ಆಕಾರದವು ಮಾತ್ರ ಶುಭವಂತೆ. ವಧುವಿಗೆ ವಜ್ರದ ಉಂಗುರವನ್ನು ಆರಿಸುವವರು ಈ ಶ್ಲೋಕವನ್ನು ಅಜ್ಜಿಯರ ಮುಂದೆ ಎತ್ತದಿರುವುದೇ ಕ್ಷೇಮ.

ಯೂರೋಪಿಗೆ ವಜ್ರ ಹೋದದ್ದು ಬಹುತೇಕ ನಮ್ಮಲ್ಲಿಂದಲೇ. ಬ್ರಜಿಲಿನ ಗಣಿಗಳು ತಿಳಿದದ್ದು 1720 ರ ಈಚೆಗೆ. ದಕ್ಷಿಣ ಆಫ್ರಿಕದವು 1867 ರ ಈಚೆಗೆ. ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ರಾಜಕುಮಾರನು 1477 ರಲ್ಲಿ ಬರ್ಗಂಡಿಯ ಮೇರಿಗೆ ಕೊಟ್ಟ ವಜ್ರದ ಉಂಗುರವನ್ನು ಅಲ್ಲಿಯವರು ತಮ್ಮ ಪದ್ಧತಿಯ ಆದಿಯೆಂದು ಹೇಳಿಕೊಳ್ಳುತ್ತಾರೆ. ಅದೇ ದಶಕದ ಆರಂಭದಲ್ಲಿ ರಷ್ಯದ ವರ್ತಕ ನಿಕಿಟಿನ್ ಬೀದರಿನಲ್ಲಿದ್ದನು. ರಾಯಚೂರಿನ ಕಡೆ ಹಳೆಯ ಗಣಿ, ಹೊಸ ಗಣಿ ಎಂದು ಎರಡು ಬಗೆಯ ವಜ್ರಗಳು ಹುಟ್ಟುತ್ತವೆಂದು ಆತನು ಬರೆದಿಟ್ಟಿದ್ದಾನೆ.

ಸಾಣೆಯ ವಿಷಯದಲ್ಲಿ ನಮಗೆ ಬಹಳ ತಿಳಿಸುವವನು ಹದಿನೇಳನೆಯ ಶತಮಾನದ ಫ್ರೆಂಚ್ ವಜ್ರವ್ಯಾಪಾರಿ ತವರ್ನಿಯೆ. ಗೋಲ್ಕೊಂಡ, ಬಿಜಾಪುರಗಳ ಗಣಿಗಳನ್ನು ಆತನು ಕಣ್ಣಾರೆ ನೋಡಿದನು. ನಮ್ಮ ಸಾಣೆಗಾರರು ಹರಳು ಶುದ್ಧವಾಗಿದ್ದರೆ ಮೇಲೂ ಕೆಳಗೂ ಚಕ್ರವನ್ನು ತುಸು ತಾಕಿಸಿ ಬಿಟ್ಟುಬಿಡುವರು, ತೂಕ ಇಳಿದೀತೆಂಬ ಭಯದಿಂದ ಆಕಾರ ಕೊಡಲು ಹೋಗರು; ಕಲೆಯೋ ಬಿರುಕೋ ಇದ್ದರೆ ಮಾತ್ರ ಅದನ್ನು ಮರೆಮಾಡಲು ಮೈತುಂಬ ಪಟ್ಟೆಗಳನ್ನು ತೀಡುವರು, ಎಂದು ಅವನ ಹೇಳಿಕೆ. ಆದುದರಿಂದ ಹಳೆಯ ಮನೆತನದ ವಜ್ರದಲ್ಲಿ ಪಟ್ಟೆ ಕಡಮೆಯಿರುವುದು ಕುಶಲತೆಯ ಕೊರತೆಯಿಂದಲ್ಲ, ಕಲ್ಲಿನ ಮೇಲಿನ ಗೌರವದಿಂದ ಎಂದು ತಿಳಿಯತಕ್ಕದ್ದು.

ಆ ಗಣಿಗಳಿಂದ ಅಪಾರ ಸಂಪತ್ತನ್ನು ಮಾಡಿದ ಮೀರ್ ಜುಮ್ಲನು ಗೋಲ್ಕೊಂಡವನ್ನು ಬಿಟ್ಟು ಮೊಗಲರನ್ನು ಸೇರಿ, 1657 ರಲ್ಲಿ ಔರಂಗಜೇಬನೊಡನೆ ಮೊದಲು ಬೀದರನ್ನೂ ಬಳಿಕ ಕಲ್ಯಾಣದ ಕೋಟೆಯನ್ನೂ ಮುತ್ತಿದನು. ಬಿಜಾಪುರದವರ ಕೈಯಿಂದ ಕಲ್ಯಾಣವು ಆ ವರ್ಷವೇ ಹೋಯಿತು. ತವರ್ನಿಯೆ ಹೇಳುವಂತೆ, ಈ ಮೀರ್ ಜುಮ್ಲನು ಷಾಹಜಹಾನನಿಗೆ ಒಪ್ಪಿಸಿದ ಮಹಾವಜ್ರವು ಒರಟಾಗಿದ್ದಾಗ 787½ ಕ್ಯಾರಟ್ ತೂಗುತ್ತಿತ್ತು. ವೆನಿಸ್ಸಿನ ಹಾರ್ಟೆನ್ಸಿಯೊ ಬೋರ್ಜಿಯೊ ಎಂಬವನು ಅದನ್ನು ಸಾಣೆ ಹಿಡಿದನು. ಉಳಿದದ್ದು 280 ಕ್ಯಾರಟ್ಟಿಗೂ ತುಸು ಕಡಮೆ. ಬಾದಶಹನು ಕೂಲಿ ಕೊಡುವುದಕ್ಕೆ ಬದಲಾಗಿ ಅವನಿಗೆ ಹತ್ತು ಸಾವಿರ ರೂಪಾಯಿ ದಂಡ ಹಾಕಿದನು; ಅವನಲ್ಲಿ ಇನ್ನೂ ಇದ್ದಿದ್ದರೆ ಇನ್ನೂ ಕಸಿಯುತ್ತಿದ್ದನಂತೆ. 1852 ರಲ್ಲಿ ಲಂಡನ್ನಿನಲ್ಲಿ ಕೋಹಿನೂರಿಗೂ ಇದೇ ಗತಿಯಾಯಿತು: 186 ಕ್ಯಾರಟ್ಟಿನಷ್ಟಿದ್ದುದು ಸುಮಾರು 105 ಕ್ಕೆ ಇಳಿಯಿತು. ಅಲ್ಲಿ ಯಾರಿಗೂ ದಂಡ ಬೀಳಲಿಲ್ಲ.

ಈಗ ಕಟ್ಟಡದ ಪ್ರಶ್ನೆಗೆ ಬರೋಣ. ವಜ್ರದೊಳಗೆ ಹೊಕ್ಕ ಬೆಳಕು ಹಿಂದಿನ ಮುಖಗಳಿಗೆ ತಕ್ಕ ಓರೆಯಲ್ಲಿ ಬಡಿದರೆ, ಹೊರಗೆ ಹೋಗಲಾರದೆ ಪೂರ್ಣವಾಗಿ ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಈಚಿನ ಹರಳುಗಳನ್ನು ಈ ಲೆಕ್ಕದಿಂದಲೇ ಕೆಳಗೆ ಮೊನೆಯಾಗಿ ತೀಡುತ್ತಾರೆ. ನ್ಯೂಯಾರ್ಕಿನ ಟಿಫನಿ ಸಂಸ್ಥೆಯು 1886 ರಲ್ಲಿ ಬಳಕೆಗೆ ತಂದ ಆರು ಕೊಕ್ಕೆಯ ಉಂಗುರವು ಇಂತಹ ಆಳವುಳ್ಳ ಹರಳಿಗಾಗಿ ಹುಟ್ಟಿದುದು. ನಮ್ಮ ಚಪ್ಪಟೆಯ ಹರಳನ್ನು ಅದರ ಮೇಲೆ ನಿಲ್ಲಿಸಿದರೆ ಬೆಳಕು ನೇರವಾಗಿ ತೂರಿಹೋಗುತ್ತದೆ. ಕಾಣುವುದು ಕಿಟಕಿಯ ಗಾಜಿನಂತೆ ಕೆಳಗಿನ ಬೆರಳಿನ ಚರ್ಮ. ಮೂಲೆಗಳು ತೆಳ್ಳಗಿರುವುದರಿಂದ ಕೊಕ್ಕೆಯ ಒತ್ತಡಕ್ಕೆ ಚಕ್ಕೆ ಏಳುವ ಭಯವೂ ಉಂಟು.

ಕುಂದಣವು ಈ ಕೊರತೆಯನ್ನು ಬೇರೊಂದು ಜಾಣ್ಮೆಯಿಂದ ತುಂಬಿತು. ಗೂಡಿನೊಳಗೆ ಅರಗು ತುಂಬಿ, ಅದರ ಮೇಲೆ ಹೊಳೆಯುವ ಬೇಗಡೆಯನ್ನಿಟ್ಟು, ಹರಳನ್ನು ಕೂರಿಸಿ, ಸುತ್ತಲೂ ಅಪರಂಜಿಯ ಹಾಳೆಗಳನ್ನು ಒಂದರ ಮೇಲೊಂದು ಒತ್ತುತ್ತಾರೆ. ಅಷ್ಟು ಶುದ್ಧವಾದ ಚಿನ್ನವು ಬೆಂಕಿಯ ಬೆಸುಗೆಯಿಲ್ಲದೆ, ಕೈಯ ಒತ್ತಡದಿಂದಲೇ ಒಂದಾಗಿ ಕೂಡಿಕೊಳ್ಳುತ್ತದೆ. ಹರಳಿಗೆ ಉರಿ ತಗಲುವುದಿಲ್ಲ, ಕೊಕ್ಕೆ ಕಚ್ಚುವುದಿಲ್ಲ. ಹಿಂದಿನ ಬೇಗಡೆ ಬೆಳಕನ್ನು ಹಿಂದಿರುಗಿಸುತ್ತದೆ. ಅಪಾಯವಿರುವುದು ನೀರಿನಿಂದ. ಸಂದಿಯಲ್ಲಿ ತೇವ ಇಳಿದರೆ ಬೇಗಡೆ ಕಪ್ಪಾಗಿ ಹರಳು ಕುರುಡಾಗುತ್ತದೆ. ಪದಕವಾದರೆ ಹಬ್ಬಕ್ಕೊಮ್ಮೆ ಹೊರಗೆ ಬರುವ ಒಡವೆ. ಉಂಗುರವೋ ಪಾತ್ರೆ ತೊಳೆಯುವ, ಹಿಟ್ಟು ನಾದುವ, ದಿನಕ್ಕೆ ಹತ್ತು ಸಲ ಒದ್ದೆಯಾಗುವ ಕೈಯದು. ಕುಂದಣವನ್ನು ಮುಟ್ಟಬಾರದೆಂದ ಪತ್ತಾರರ ಮಾತು ಪದಕದ ಮಟ್ಟಿಗೆ ಸರಿ, ಉಂಗುರದ ಮಟ್ಟಿಗೆ ಅರ್ಧ ಸರಿ.

ಹರಳನ್ನು ಕಟ್ಟಿಸದೆಯೇ ಇಟ್ಟುಕೊಂಡವರೂ ಉಂಟು. ಹುಮನಾಬಾದು, ಕಲ್ಯಾಣಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆರನೆಯ ನಿಜಾಮರು ಜೇಕಬ್ ಎಂಬ ವರ್ತಕನಿಂದ 1891 ರಲ್ಲಿ ವಜ್ರವೊಂದನ್ನು ತರಿಸಿ, ಅದರ ಬೆಲೆಗಾಗಿ ನ್ಯಾಯಾಲಯದ ರಗಳೆಗೆ ಸಿಕ್ಕಿದರು. 184 ಕ್ಯಾರಟ್ಟಿಗೂ ಮೀರಿದ ಆ ಹರಳು ಅವರ ಜೋಡಿನೊಳಗೆ ಮಗನಿಗೆ ದೊರೆಯಿತೆಂದೂ, ಆತನು ಅದನ್ನು ಕಾಗದಗಳ ಮೇಲೆ ಭಾರವಾಗಿ ಇಡುತ್ತಿದ್ದನೆಂದೂ ಪ್ರಸಿದ್ಧಿ. 1995 ರಲ್ಲಿ ಭಾರತ ಸರ್ಕಾರವು ಅದನ್ನು ಕೊಂಡಿತು.

ನಾನು ಸ್ನೇಹಿತರಿಗೆ ಹೇಳಿದುದು ಇಷ್ಟು. ಹರಳನ್ನು ಸಾಣೆಗೆ ಕೊಡಬೇಡಿ. ಹೋದ ತೂಕವನ್ನು ಯಾರೂ ತಂದುಕೊಡಲಾರರು. ಕಟ್ಟಡವನ್ನು ಬೇಕಾದರೆ ಮುಂದಿನವರು ಬದಲಾಯಿಸಬಹುದು. ಕೊಕ್ಕೆಗಳಿಗೆ ಬದಲಾಗಿ ಹರಳಿನ ಅಂಚನ್ನು ಸುತ್ತಲೂ ಅಪ್ಪುವ ತೆಳುವಾದ ಚಿನ್ನದ ಪಟ್ಟಿಯನ್ನು ಕಟ್ಟಿಸಿ. ಹಿಂದೆ ಅರಗನ್ನೂ ಬೇಗಡೆಯನ್ನೂ ತುಂಬದೆ, ಒಪ್ಪವಿಟ್ಟ ಚಿನ್ನದ ತಳವನ್ನೇ ಕನ್ನಡಿಯಾಗಿ ಬಿಡಿ. ಬೆಳಕು ಕೊಕ್ಕೆಯ ಹರಳಿನಷ್ಟು ಚಿಮ್ಮದು, ನಿಜ. ದೀಪದ ಬೆಳಕಿನಲ್ಲಿ ನೋಡತಕ್ಕ ಹರಳನ್ನು ವಿದ್ಯುದ್ದೀಪದಲ್ಲಿ ಪರೀಕ್ಷಿಸಿ ದೂರುವುದು ನ್ಯಾಯವಲ್ಲ. ಮತ್ತು ಕೊಡುವವರು ಅಜ್ಜಿಯಾಗಿರಲಿ, ಅದಕ್ಕೆ ಮುಂಚೆ ಆಕೆ ತಮ್ಮ ಮಗಳನ್ನು ಕೇಳಲಿ.

ಅಜ್ಜಿ ಕೇಳಿದರು. ಸೋದರತ್ತೆ ಬಹಳ ಹೊತ್ತು ಸುಮ್ಮನಿದ್ದು, ಹರಳು ಹುಡುಗನಿಗಿರಲಿ, ಖಾಲಿಯಾದ ಪದಕ ತನಗಿರಲಿ ಎಂದರು. ವರನು ತಳವನ್ನು ತೆರೆದಿಡಬೇಕೆಂದು ಇನ್ನೊಂದು ದಿನ ಹಟ ಹಿಡಿದು, ಪತ್ತಾರರು ಮೇಣದ ಮೇಲೆ ಹರಳನ್ನಿಟ್ಟು ಎರಡೂ ರೀತಿ ತೋರಿಸಿದ ಮೇಲೆ ಒಪ್ಪಿದನು. ಬಿಚ್ಚುವಾಗ ಹರಳಿನ ಹಿಂದಿನಿಂದ ಉಗುರಿನಷ್ಟು ಅಗಲದ ಹಳೆಯ ಬೇಗಡೆ ಬಂದಿತು. ಒಂದು ಮೂಲೆ ಮಾತ್ರ ಕಪ್ಪಾಗಿತ್ತು. ಪತ್ತಾರರು ಅದನ್ನು ಕಾಗದದಲ್ಲಿ ಮಡಿಚಿ ಕೊಟ್ಟರು. ಅಜ್ಜಿ ಅದನ್ನು ಕುಂಕುಮದ ಭರಣಿಯಲ್ಲಿಟ್ಟುಕೊಂಡಿದ್ದಾರೆ.