ಇಲ್ಲದ ಯಂತ್ರಕ್ಕೆ ಬರೆದ ಪ್ರೋಗ್ರಾಮ್‌ಗಳು



"ಕಂಪ್ಯೂಟರೇ ಇಲ್ಲ, ಇನ್ನು ಕಂಪ್ಯೂಟರ್ ವಿದ್ಯೆ ಹೇಗೆ ಕಲಿಸೋದು ಸರ್?" ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಕಂಪ್ಯೂಟರ್ ಇತಿಹಾಸ ನೋಡಿದರೆ ಆಶ್ಚರ್ಯವಾಗುತ್ತದೆ. ಈ ವಿದ್ಯೆಯ ಕೆಲವು ದೊಡ್ಡ ಕೆಲಸಗಳು ನಡೆದದ್ದು ಯಂತ್ರ ಕೈಗೆ ಸಿಗುವ ಮೊದಲೇ!

ಮೊದಲು ಒಂದೆರಡು ಪದ ತಿಳಿಯೋಣ. ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಅದಕ್ಕೆ ಅರ್ಥವಾಗುವುದು ಸಣ್ಣ ಸಣ್ಣ ಆಜ್ಞೆಗಳು ಮಾತ್ರ: ಈ ಸಂಖ್ಯೆ ಇಲ್ಲಿಡು, ಕೂಡಿಸು, ಹೋಲಿಸು. ಇವನ್ನು 'ಮೂವ್', 'ಆಡ್' ಎಂಬಂಥ ಚಿಕ್ಕ ಪದಗಳಲ್ಲಿ ಬರೆಯುವುದೇ ಅಸೆಂಬ್ಲಿ ಭಾಷೆ. ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಜಾಗಕ್ಕೆ ರಿಜಿಸ್ಟರ್ ಎನ್ನುತ್ತಾರೆ. (ನಮ್ಮ ಹಾಜರಿ ರಿಜಿಸ್ಟರ್ ಅಲ್ಲ!)

ಎಲ್ಲ ಪ್ರೊಸೆಸರ್‌ಗಳ ಭಾಷೆ ಒಂದೇ ಅಲ್ಲ. ನಮ್ಮ ಡಿಚೋಲಿಯ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ ಮಾತಾಡುತ್ತದೆ. ಪ್ರೊಸೆಸರ್‌ಗೆ ಆ ಜಾಣತನವಿಲ್ಲ. ಇಂಟೆಲ್‌ಗೆ ಬರೆದದ್ದು ಮೊಬೈಲಿನ ಆರ್ಮ್ ಪ್ರೊಸೆಸರ್‌ಗೆ ತಿಳಿಯುವುದಿಲ್ಲ. ಹೀಗಿರುವಾಗ ಇನ್ನೊಂದು ಪ್ರೊಸೆಸರ್‌ನ ಆಜ್ಞೆಗಳನ್ನು ಓದಿ, ಅದು ಮಾಡುತ್ತಿದ್ದುದನ್ನೇ ಮಾಡಿ ತೋರಿಸುವ ಪ್ರೋಗ್ರಾಮ್ ಒಂದಿದೆ. ಅದೇ ಎಮ್ಯುಲೇಟರ್. ಹಗಲುವೇಷದವರು ಬೆಳಿಗ್ಗೆ ರಾಮ, ಸಂಜೆ ರಾವಣ ಆಗುವುದಿಲ್ಲವೇ? ಹಾಗೆ.

1964ರಲ್ಲಿ ಐಬಿಎಂ ಕಂಪನಿ ತನ್ನ 360 ಸಾಲಿನ ಹೊಸ ಯಂತ್ರಗಳನ್ನು ಪ್ರಕಟಿಸಿತು. ಗ್ರಾಹಕರ ಬಳಿ ಹಳೆಯ 1401 ಯಂತ್ರದ ಪ್ರೋಗ್ರಾಮ್‌ಗಳು ರಾಶಿ ಇದ್ದವು. ಎಲ್ಲವನ್ನೂ ಹೊಸದಾಗಿ ಬರೆಯಲು ಯಾರು ಒಪ್ಪುತ್ತಾರೆ? ಆದ್ದರಿಂದ ಹೊಸ ಯಂತ್ರವೇ ಹಳೆಯದರಂತೆ ನಡೆದುಕೊಳ್ಳುವ ಏರ್ಪಾಟು ಮಾಡಿದರು. ಎಮ್ಯುಲೇಟರ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಕಾಲದಲ್ಲಿ.

1975ರ ಕಥೆ ಇನ್ನೂ ರೋಚಕ. ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಭಾಷೆ ತಯಾರಿಸಿಕೊಡುತ್ತೇವೆ ಎಂದು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಮಾತು ಕೊಟ್ಟರು. ಆದರೆ ಅವರ ಬಳಿ ಆ ಯಂತ್ರವೇ ಇರಲಿಲ್ಲ! ಅದರ 8080 ಪ್ರೊಸೆಸರ್‌ನ ಕೈಪಿಡಿ ಓದಿ, ಹಾರ್ವರ್ಡ್ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಆ ಪ್ರೊಸೆಸರ್‌ನಂತೆ ನಡೆಯುವ ಹಾಗೆ ಅಲೆನ್ ಪ್ರೋಗ್ರಾಮ್ ಬರೆದರು. ಅದರ ಮೇಲೆಯೇ ಪರೀಕ್ಷೆಗಳೆಲ್ಲ ನಡೆದವು. ಕೊನೆಗೆ ಕಾಗದದ ಪಟ್ಟಿಯೊಂದಿಗೆ ಅಲೆನ್ ವಿಮಾನ ಹತ್ತಿದರು. ಬೇಸಿಕ್ಕನ್ನು ಯಂತ್ರದೊಳಗೆ ತುಂಬುವ ಚಿಕ್ಕ ಪ್ರೋಗ್ರಾಮ್ ಬರೆಯುವುದೇ ಮರೆತಿತ್ತು, ಅದನ್ನು ವಿಮಾನದಲ್ಲೇ ಬರೆದರು. ನಿಜವಾದ ಆಲ್ಟೇರ್ ಮೇಲೆ ಎರಡಕ್ಕೆ ಎರಡು ಕೂಡಿಸಲು ಹೇಳಿದಾಗ ಅದು 4 ಎಂದಿತು. ಅದೇ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಹುಟ್ಟಿತು.

ಇಂಗ್ಲೆಂಡಿನ ಏಕಾರ್ನ್ ಕಂಪನಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ 1983ರಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹೊಸ ಪ್ರೊಸೆಸರ್ ರೂಪಿಸಲು ಹೊರಟರು. ಅದು ಲೋಕದಲ್ಲೇ ಇನ್ನೂ ಇರಲಿಲ್ಲ. ವಿಲ್ಸನ್ ಅದರ ಆಜ್ಞೆಗಳನ್ನು ಬೇಸಿಕ್ ಭಾಷೆಯಲ್ಲಿ ಅನುಕರಿಸಿ ಪರೀಕ್ಷಿಸಿದರು. 1985ರ ಏಪ್ರಿಲ್ 26ರಂದು ಚಿಪ್ ಕೈಗೆ ಬಂತು, ಮೊದಲ ಸಲವೇ ಕೆಲಸ ಮಾಡಿತು. ಅದೇ ಆರ್ಮ್!

ಇಲ್ಲಿ ನಮ್ಮ ಕರ್ನಾಟಕದ ನಂಟೂ ಇದೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಕಂಪನಿಯ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದಲ್ಲಿದ್ದುದು ಆರ್ಮ್ ಕುಟುಂಬದ ಪ್ರೊಸೆಸರ್. ಓದುಬಾರದವರಿಗೂ ನೆರವಾಗಲಿ ಎಂದು ಅದಕ್ಕೆ ಕನ್ನಡ ಓದಿ ಹೇಳುವುದನ್ನೂ ಕಲಿಸಿದ್ದರು. ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎಂಬುದು ಬೇಸರದ ಸಂಗತಿ. ಇನ್ನು ನಮ್ಮ ಇಸ್ರೋ 2025ರ ಮಾರ್ಚ್‌ನಲ್ಲಿ ಪಡೆದ ವಿಕ್ರಮ್ 3201 ಪ್ರೊಸೆಸರ್‌ಗೆ ಬೇಕಾದ ಅಸೆಂಬ್ಲರ್ ಮತ್ತು ಅನುಕರಣ ತಂತ್ರಾಂಶವನ್ನು ತಾನೇ ಸಿದ್ಧಪಡಿಸಿದೆ. ರಾಕೆಟ್ ಹಾರಿಸಿ ತಪ್ಪು ಹುಡುಕಲು ಆಗುತ್ತದೆಯೇ?

ಈಗ ಈ ಸೌಲಭ್ಯ ನಮಗೂ ಉಚಿತವಾಗಿ ಸಿಗುತ್ತದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಇಂದು ಹತ್ತಾರು ಬಗೆಯ ಪ್ರೊಸೆಸರ್‌ಗಳ ವೇಷ ಹಾಕಬಲ್ಲದು. ಅದರಿಂದಲೇ 2015ರಲ್ಲಿ ಯೂನಿಕಾರ್ನ್ ಬಂತು. ನಾಲ್ಕು ಸಾಲು ಅಸೆಂಬ್ಲಿಯನ್ನು ಯಂತ್ರಭಾಷೆಗೆ ಇಳಿಸಿ ಅದಕ್ಕೆ ಕೊಟ್ಟು, ರಿಜಿಸ್ಟರ್‌ಗಳಲ್ಲಿ ಏನಾಯಿತೆಂದು ನೋಡಬಹುದು. ನಿಜ, ವೇಷ ವೇಷವೇ. ಕೊನೆಯ ಪರೀಕ್ಷೆ ಅಸಲಿ ಯಂತ್ರದ ಮೇಲೆಯೇ ಆಗಬೇಕು. ಆದರೆ ಕಲಿಯಲು ಅದಕ್ಕಾಗಿ ಕಾಯಬೇಕಿಲ್ಲ.

ಶಿಕ್ಷಕ ಬಂಧುಗಳೇ, ಕಂಪ್ಯೂಟರ್ ಒಂದೂ ಇಲ್ಲದ ಶಾಲೆಯಲ್ಲೂ ಇದನ್ನು ಆಡಿಸಬಹುದು. ಮೂವರು ಮಕ್ಕಳನ್ನು ಪಾಟಿ ಹಿಡಿಸಿ ನಿಲ್ಲಿಸಿ. ಅವರೇ ಅ, ಆ, ಇ ಎಂಬ ರಿಜಿಸ್ಟರ್‌ಗಳು. 'ಅ'ದಲ್ಲಿ 5, 'ಆ'ದಲ್ಲಿ 3 ಬರೆಸಿ. ಮೊದಲು ಆರ್ಮ್ ಆಟ: "ಅ, ಆ ಕೂಡಿಸಿ ಇ-ಯಲ್ಲಿ ಬರೆ." ಇ-ಯಲ್ಲಿ 8 ಬಂತು, ಉಳಿದವು ಹಾಗೇ ಇವೆ. ಆಮೇಲೆ ಇಂಟೆಲ್ ಆಟ: "ಅ-ಕ್ಕೆ ಆ ಕೂಡಿಸು." ಅಲ್ಲಿ ಉತ್ತರ ಕೂರುವುದು ಮೊದಲ ಜಾಗದಲ್ಲೇ. ಹಾಗಾಗಿ 'ಅ' ತನ್ನ 5 ಅಳಿಸಿ 8 ಬರೆಯಬೇಕು. ಆಗ ಮಕ್ಕಳನ್ನು ಕೇಳಿ: "ಈ 5 ಮುಂದೆ ಮತ್ತೆ ಬೇಕಾದರೆ ಏನು ಮಾಡುತ್ತೀರಿ?"