ಎಲೆ, ಲೋಹ, ಪ್ಲಾಸ್ಟಿಕ್ಕು: ಕನ್ನಡ ನಾಡಿನ ಗೃಹಕೃತ್ಯದಲ್ಲಿ ಬಿಸುಡುವ ವಸ್ತುವಿನ ಚರಿತ್ರೆ

ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ಕಿನ ಸಾಮಾನುಗಳಿಲ್ಲದೆ ಸಂಸಾರವನ್ನು ನಡೆಯಿಸಬೇಕೆಂಬ ಪ್ರಯತ್ನವು ಈಚೆಗೆ ಅನೇಕ ಮನೆಗಳಲ್ಲಿ ಕಾಣಬರುತ್ತಿದೆ. ಈ ಸಂಬಂಧವಾಗಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಹಿಂದಿನವರು ಯಾವುದನ್ನೂ ಬಿಸುಡುತ್ತಿರಲಿಲ್ಲ, ಬಿಸುಡುವ ಅಭ್ಯಾಸವೇ ಹೊಸತು ಎಂಬುದು ಒಂದು. ಹಿಂದಿನವರ ಮಿತವ್ಯಯವೊಂದನ್ನು ಮರಳಿ ಕಲಿತರೆ ಸಾಕು ಎಂಬುದು ಮತ್ತೊಂದು. ಗೃಹಕೃತ್ಯದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ.

ಮೊದಲನೆಯ ಮಾತನ್ನು ನೋಡಬಹುದು. ಕನ್ನಡ ನಾಡಿನ ಊಟದ ಪದ್ಧತಿಯಲ್ಲಿ ಒಮ್ಮೆ ಬಳಸಿ ಬಿಸುಡುವುದು ಬಹು ಪ್ರಾಚೀನವಾದುದು. ಅಷ್ಟೇ ಅಲ್ಲ, ಶುಚಿತ್ವದ ನಿಯಮವೂ ಆಗಿದ್ದಿತು. ಬಾಳೆಯ ಎಲೆ, ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿದ ಪತ್ರಾವಳಿ, ಸಾರು ಪಾಯಸಗಳಿಗೆ ದೊನ್ನೆ, ಇವೆಲ್ಲ ಒಂದು ಊಟದ ಹೊತ್ತಿನವು. ಒಬ್ಬರು ಉಂಡ ಎಲೆ ಎಂಜಲಾದ ಮೇಲೆ ಅದರಲ್ಲಿ ಮತ್ತೊಬ್ಬರು ಉಣ್ಣುವಂತಿರಲಿಲ್ಲ. ಭಾಷೆಯೂ ಇದಕ್ಕೆ ಸಾಕ್ಷಿಯಾಗಿದೆ. ‘ಎಲೆ ಹಾಕಿದೆ’ ಎಂದರೆ ಊಟಕ್ಕೆ ಅಣಿಯಾಗಿದೆಯೆಂದರ್ಥ. ‘ಎಷ್ಟು ಎಲೆ ಬಿದ್ದವು’ ಎಂದರೆ ಎಷ್ಟು ಜನ ಉಂಡರೆಂಬ ಪ್ರಶ್ನೆ. ಎಂಜಲು, ಮುಸುರೆ ಎಂಬ ಎರಡು ಮಾತುಗಳು ಬೇರೆ ಬೇರೆಯಾಗಿ ಉಳಿದು ಬಂದಿರುವುದೂ ಗಮನಾರ್ಹವಾಗಿದೆ. ಬಾಯಿ ಸೋಕಿದ್ದು ಎಂಜಲು, ಬೇಯಿಸಿದ ಅನ್ನದ ಸಂಪರ್ಕವುಳ್ಳದ್ದು ಮುಸುರೆ. ಯಾವುದನ್ನು ಬಿಡಬೇಕು, ಯಾವುದನ್ನು ತೊಳೆದು ಇಟ್ಟುಕೊಳ್ಳಬಹುದು ಎಂಬ ವಿವೇಚನೆಯು ಈ ಪದಗಳಲ್ಲಿಯೇ ಅಡಗಿದೆ.

ಬಿಸುಡುವ ವಸ್ತುವಿನ ಜೊತೆಯಲ್ಲಿಯೇ ಬಾಳುವ ವಸ್ತುವೂ ಇದ್ದಿತು. ಹಿತ್ತಾಳೆ, ತಾಮ್ರ, ಕಂಚುಗಳ ಚೊಂಬು, ಹರಿವಾಣ, ಕೊಳಗ, ಹಂಡೆಗಳು ತಾಯಿಯಿಂದ ಮಗಳಿಗೆ ಬರುತ್ತಿದ್ದುವು; ಕೊಟ್ಟವರ ಹೆಸರನ್ನು ಅವುಗಳ ಅಂಚಿನಲ್ಲಿ ಕೆತ್ತಿಸುವ ವಾಡಿಕೆಯುಂಟು. ಒಳಮೈ ಸವೆದರೆ ಕಲಾಯಿ, ತೂತಾದರೆ ಬೆಸುಗೆ, ತೀರ ಕೆಟ್ಟರೆ ಕಂಚುಗಾರನ ಮೂಸೆ. ಮನುಸ್ಮೃತಿಯ ಐದನೆಯ ಅಧ್ಯಾಯದ ದ್ರವ್ಯಶುದ್ಧಿ ಪ್ರಕರಣದಲ್ಲಿ ತಾಮ್ರ ಕಂಚುಗಳಿಗೆ ಕ್ಷಾರ, ಹುಳಿ, ನೀರುಗಳಿಂದಲೂ, ಮಣ್ಣಿನ ಪಾತ್ರೆಗೆ ಮತ್ತೆ ಸುಡುವುದರಿಂದಲೂ ಶುದ್ಧಿಯನ್ನು ಹೇಳಿದೆ. ಬೂದಿ ಹುಣಿಸೆಹಣ್ಣುಗಳಿಂದ ಹಿತ್ತಾಳೆಯನ್ನು ಬೆಳಗುವ ಕನ್ನಡ ಮನೆಯ ಪದ್ಧತಿಯು ಈ ವಿಧಿಗೆ ಹೊಂದಿಕೆಯಾಗಿಯೇ ಇದೆ. ಹಂಪೆಯಲ್ಲಿ ಭೋಜನಶಾಲೆಯೆಂದು ಕರೆಯಲ್ಪಡುವ ಸ್ಥಳದಲ್ಲಿ ಕಾಲುವೆಯ ಎರಡು ಪಕ್ಕಗಳಲ್ಲಿಯೂ ಕಲ್ಲಿನಲ್ಲಿಯೇ ತಟ್ಟೆ ಬಟ್ಟಲುಗಳ ಆಕಾರವನ್ನು ಕಡೆದಿರುವುದನ್ನು ಇಂದಿಗೂ ಕಾಣಬಹುದು. ಬಾಳುವ ವಸ್ತುವಿನ ಪರಾಕಾಷ್ಠೆಯೆಂದು ಅದನ್ನು ಎಣಿಸಬಹುದಾಗಿದೆ.

ಆದಕಾರಣ ಹಳೆಯ ಗೃಹಜೀವನದಲ್ಲಿ ಎರಡು ವರ್ಗಗಳಿದ್ದುವು: ಹೊತ್ತಿನ ವಸ್ತು, ತಲೆಮಾರಿನ ವಸ್ತು. ಮೊದಲನೆಯದು ದನದ ಬಾಯಿಗೋ ತಿಪ್ಪೆಗೋ ಹೋಗಿ ಗೊಬ್ಬರವಾಗುತ್ತಿದ್ದಿತು. ಎರಡನೆಯದು ಮನೆಯನ್ನು ಬಿಡುತ್ತಲೇ ಇರಲಿಲ್ಲ. ವಸ್ತುವಿನ ಆಯುಷ್ಯವೂ ಅದರ ಉಪಯೋಗದ ಆಯುಷ್ಯವೂ ಒಂದಕ್ಕೊಂದು ಸರಿಹೊಂದಿದ್ದುವು.

ಇನ್ನು ಮಿತವ್ಯಯದ ಮಾತು. ಈ ವ್ಯವಸ್ಥೆಯು ಒಂದೊಂದು ಮನೆಯ ಸದ್ಗುಣದಿಂದ ನಡೆಯುತ್ತಿದ್ದುದಲ್ಲ. ಮನೆಗೂ ಪೇಟೆಗೂ ಇದ್ದ ಒಪ್ಪಂದದಿಂದ ನಡೆಯುತ್ತಿದ್ದಿತು. ಎಣ್ಣೆಗೆ ಕೊಳ್ಳುವವನೇ ಪಾತ್ರೆಯನ್ನು ತರುವನೆಂದು ಗಾಣಿಗನು ತಿಳಿದಿದ್ದನು. ಅಂಗಡಿಯವನು ಸೇರು, ಪಾವುಗಳಿಂದ ಅಳೆದು ಗಿರಾಕಿಯ ಚೀಲಕ್ಕೆ ಸುರಿಯುತ್ತಿದ್ದನು. ಸ್ವಲ್ಪ ಸಾಮಾನಾದರೆ ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ದಾರವನ್ನು ಸುತ್ತಿ ಕೊಡುತ್ತಿದ್ದನು. ಹೂವಾಡಗಿತ್ತಿಯು ಬಾಳೆಯ ನಾರಿನಲ್ಲಿ ಕಟ್ಟಿದ ಮಾಲೆಯನ್ನು ಮೊಳದಲ್ಲಿ ಅಳೆದು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದಳು. ಮೇದರ ಮೊರ ಬುಟ್ಟಿಗಳು, ಕುಂಬಾರನ ಗಡಿಗೆಗಳು, ಮಲೆನಾಡಿನ ಅಡಕೆಯ ಹಾಳೆ, ಇವೆಲ್ಲವೂ ನಡೆದುಹೋಗುವಷ್ಟು ದೂರದಲ್ಲಿಯೇ ದೊರೆಯುತ್ತಿದ್ದುವು. ಪಾತ್ರೆಯಿಲ್ಲದೆ ಎಣ್ಣೆಗೆ ಹೋದವನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತಿದ್ದಿತು.

ಈ ಚಿತ್ರವು ಕೇವಲ ಮನೋಹರವೆಂದು ತಿಳಿಯುವುದು ಮಾತ್ರ ಸರಿಯಲ್ಲ. ಮುಸುರೆಯನ್ನು ತಿಕ್ಕುವುದು, ನೀರನ್ನು ಹೊರುವುದು, ಧಾನ್ಯವನ್ನು ಕೇರುವುದು, ಎಲೆ ಹಚ್ಚುವುದು, ಸೀಗೆಯನ್ನು ಕುಟ್ಟುವುದು, ಈ ಕೆಲಸಗಳೆಲ್ಲ ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಿದ್ದಿದ್ದುವು. ಬಿಸುಟ ಎಲೆಯನ್ನು ಎತ್ತುವ ಕೆಲಸವನ್ನೂ, ಅದರಲ್ಲಿ ಉಳಿದ ಅನ್ನವನ್ನೂ ಕೆಲವು ಜಾತಿಗಳವರಿಗೆ ಕಟ್ಟಿದ್ದ ಅನ್ಯಾಯವು ಈ ಪದ್ಧತಿಯ ಒಳಗೇ ಸೇರಿದ್ದಿತು. ಎಂಜಲಿನ ನಿಯಮವು ವಸ್ತುವಿನಲ್ಲಿ ನಿಲ್ಲದೆ ಮನುಷ್ಯರಿಗೂ ಅಂಟಿತು. ಹೊಸ ವಸ್ತುವನ್ನು ಜನರು ಅಷ್ಟು ಬೇಗ ಒಪ್ಪಿಕೊಂಡುದಕ್ಕೆ ಈ ದುಡಿಮೆಯ ಭಾರವೂ ಒಂದು ಕಾರಣವೆಂಬುದನ್ನು ಮರೆಯಲಾಗದು.

ಆ ಹೊಸ ವಸ್ತುವಿನ ಚರಿತ್ರೆ ದೀರ್ಘವಾದುದಲ್ಲ. ಬೇಕ್‌ಲೆಂಡನು 1907ರಲ್ಲಿ ಬೇಕಲೈಟನ್ನು ಮಾಡಿದನು. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನ ಪ್ರಯೋಗಶಾಲೆಯೊಂದರಲ್ಲಿ ಗಿಬ್ಸನ್, ಫಾಸೆಟ್ ಎಂಬಿಬ್ಬರಿಗೆ ಪಾಲಿಥೀನು ಆಕಸ್ಮಿಕವಾಗಿ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅದು ರಾಡಾರಿನ ತಂತಿಗಳಿಗೆ ಹೊದಿಕೆಯಾಯಿತು. ಯುದ್ಧಾನಂತರ ಅದು ಮನೆಗಳ ಕಡೆಗೆ ತಿರುಗಿತು. 1955ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯು ಬಿಸಾಡಿ ಬದುಕುವುದನ್ನೇ ಗೃಹಿಣಿಯ ಬಿಡುಗಡೆಯೆಂದು ಚಿತ್ರಸಮೇತವಾಗಿ ವರ್ಣಿಸಿತು. ಇಂದು ಎಲ್ಲೆಲ್ಲಿಯೂ ಕಾಣುವ ಹಿಡಿಕೆಯ ಚೀಲವು ಸ್ವೀಡನ್ನಿನ ತುಲಿನ್ ಎಂಬವನ ರಚನೆ. ಅದಕ್ಕೆ 1965ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಭಾರತದಲ್ಲಿ ಪೆಟ್ರೋಕೆಮಿಕಲ್ ಉದ್ಯಮಕ್ಕಾಗಿ ಸರ್ಕಾರದ ಸಂಸ್ಥೆಯು 1969ರಲ್ಲಿ ಸ್ಥಾಪಿತವಾಯಿತು. 1980ರ ದಶಕದಿಂದ ಹಾಲು, ಎಣ್ಣೆ, ಶ್ಯಾಂಪುಗಳು ಸಣ್ಣ ಪೊಟ್ಟಣಗಳಲ್ಲಿ ಹಳ್ಳಿಯ ಅಂಗಡಿಯವರೆಗೂ ಹಬ್ಬಿದುವು.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಪ್ಲಾಸ್ಟಿಕ್ಕು ಬಿಸುಡುವ ಅಭ್ಯಾಸವನ್ನು ಸೃಷ್ಟಿಸಲಿಲ್ಲ. ಇದ್ದ ಅಭ್ಯಾಸದೊಳಕ್ಕೆ ಬಂದು ಸೇರಿತು. ಎಲೆಯ ಕೆಲಸವನ್ನು ಹಿಡಿದು ಲೋಹವನ್ನೂ ಮೀರಿದ ಆಯುಷ್ಯವನ್ನು ತಂದಿತು. ಕೈ ಮಾತ್ರ ಹಳೆಯ ರೂಢಿಯಂತೆ ಅದನ್ನು ತಿಪ್ಪೆಗೆ ಎಸೆಯಿತು. ತಿಪ್ಪೆಯು ಅದನ್ನು ಅರಗಿಸಲಿಲ್ಲ. ಎಲೆಯನ್ನು ತಿನ್ನುತ್ತಿದ್ದ ಹಸುವು ಎಂಜಲಿನೊಡನೆ ಚೀಲವನ್ನೂ ನುಂಗಿತು. ಅಡಕೆಯ ಹಾಳೆ, ಮುತ್ತುಗದ ಎಲೆಗಳು ಹಾದುಹೋಗುತ್ತಿದ್ದ ದಾರಿಯಲ್ಲಿಯೇ ಇದು ನಡೆದು ಚರಂಡಿಗಳಲ್ಲಿಯೂ ಕೆರೆಗಳಲ್ಲಿಯೂ ನಿಂತಿತು.

ಕಾಯಿದೆಗಳು ತರುವಾಯ ಬಂದುವು. ಕೇಂದ್ರ ಸರ್ಕಾರದ 1999ರ ನಿಯಮಗಳು ಚೀಲದ ದಪ್ಪವನ್ನು 20 ಮೈಕ್ರಾನಿಗೆ ಕಡಮೆಯಾಗಬಾರದೆಂದು ಗೊತ್ತುಮಾಡಿದುವು; 2016ರಲ್ಲಿ ಅದು 50 ಆಯಿತು, 2022ರ ಅಂತ್ಯಕ್ಕೆ 120. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ ಮೊದಲಾದುವುಗಳ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ತಟ್ಟೆ, ಲೋಟ, ಹೀರುಕೊಳವೆ, ಮಿಠಾಯಿಯ ಡಬ್ಬಿಗಳ ಮೇಲಿನ ಹೊದಿಕೆ ಮುಂತಾದುವು ನಿಷಿದ್ಧವಾದುವು. ಆದರೆ ಹಲವು ಪದರಗಳ ಸಣ್ಣ ಪೊಟ್ಟಣವು ಆ ಪಟ್ಟಿಯಲ್ಲಿ ಸೇರಲಿಲ್ಲ. ಎಲೆಯ ಸ್ಥಾನವನ್ನು ಹಿಡಿದಿದ್ದ ತಟ್ಟೆಯನ್ನು ಕಾಯಿದೆಯು ತಡೆಯಿತು. ಅಂಗಡಿಯ ಅಳತೆಯ ಸ್ಥಾನವನ್ನು ಹಿಡಿದ ಪೊಟ್ಟಣವನ್ನು ಬಿಟ್ಟಿತು.

ಇದರಿಂದ ತಿಳಿದುಬರುವುದಿಷ್ಟು. ಮನೆಯೊಡತಿಯೊಬ್ಬಳು ಬಟ್ಟೆಯ ಚೀಲವನ್ನು ಹಿಡಿದು ಹೊರಟಾಗ ಅಂಗಡಿಯಲ್ಲಿ ಎಲ್ಲವೂ ಮೊದಲೇ ಮುಚ್ಚಿದ ಪೊಟ್ಟಣಗಳಲ್ಲಿದ್ದರೆ ಅವಳ ಸಂಕಲ್ಪವು ಬಾಗಿಲಲ್ಲಿಯೇ ಮುಗಿಯುತ್ತದೆ. ಸೋತುದು ಅವಳ ಮಿತವ್ಯಯವಲ್ಲ. ಅಳೆದು ಕೊಡುವವನೂ ಪಾತ್ರೆ ತರುವವನೂ ಒಬ್ಬರನ್ನೊಬ್ಬರು ನಂಬಿದ್ದ ಒಪ್ಪಂದವು ಕಡಿದುಹೋಗಿದೆ. ಹಳೆಯ ಪದ್ಧತಿಯಿಂದ ಮರಳಿ ಪಡೆಯಬೇಕಾದುದು ಆ ಒಪ್ಪಂದವನ್ನೂ, ಹೊತ್ತಿನ ವಸ್ತು ತಲೆಮಾರಿನ ವಸ್ತುಗಳೆಂಬ ವಿವೇಕವನ್ನೂ. ತಿಕ್ಕುವ ಭಾರವನ್ನು ಒಬ್ಬಳ ಮೇಲೆಯೂ, ಎತ್ತುವ ಕೆಲಸವನ್ನು ಒಂದು ಜಾತಿಯ ಮೇಲೆಯೂ ಹೊರಿಸಿದ ಭಾಗವನ್ನು ಮರಳಿ ತರಬೇಕಾಗಿಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡದೆ ಹಿಂದಿನ ಕಾಲವನ್ನು ಹೊಗಳುವುದರಿಂದ ಇಂದಿನ ಗೃಹಸ್ಥರಿಗೆ ವಿಶೇಷ ಪ್ರಯೋಜನವಾಗಲಾರದು.