ಕರೋಲ್ ಬಾಗಿನ ಶಿಕ್ಷಣವಿಚಾರವೂ ನಿರಾಶ್ರಿತ ಬಾಲಕರೂ

ದೆಹಲಿಗೆ ಬಂದ ಕನ್ನಡಿಗರಲ್ಲಿ ಅನೇಕರು ಮೊದಲ ವರ್ಷಗಳನ್ನು ಕರೋಲ್ ಬಾಗಿನ ಬಾಡಿಗೆಯ ಕೋಣೆಗಳಲ್ಲಿ ಕಳೆದವರು. ಅಜಮಲ್ ಖಾನ್ ರಸ್ತೆಯ ಅಂಗಡಿಸಾಲುಗಳನ್ನು ಚೆನ್ನಾಗಿ ಬಲ್ಲವರಿಗೂ ಆ ಹೆಸರಿನ ಹಿಂದಿರುವ ಚರಿತ್ರೆ ಪರಿಚಿತವಾಗಿರುವುದು ವಿರಳ. 1947ರ ಕಲಹದಲ್ಲಿ ನೊಂದ ಮಕ್ಕಳಿಗೆ ಆಸರೆಯಾದ ಒಂದು ಶಿಕ್ಷಣವಿಚಾರಕ್ಕೂ ಈ ಬಡಾವಣೆಗೂ ನಿಕಟ ಸಂಬಂಧವುಂಟು. ಅದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

1920ರಲ್ಲಿ ಅಲೀಗಢದಲ್ಲಿ ಸ್ಥಾಪಿತವಾದ ಜಾಮಿಯಾ ಮಿಲಿಯಾ ಇಸ್ಲಾಮಿಯಾ 1925ರಲ್ಲಿ ಕರೋಲ್ ಬಾಗಿಗೆ ಬಂದಿತು. ಅದರ ಪ್ರಥಮ ಕುಲಪತಿ ಹಕೀಮ್ ಅಜಮಲ್ ಖಾನರ ತಿಬ್ಬಿಯಾ ಕಾಲೇಜು ಅದಕ್ಕೂ ಮೊದಲೇ ಇಲ್ಲಿ ನೆಲೆಗೊಂಡಿದ್ದಿತು. 1921ರಲ್ಲಿ ಗಾಂಧೀಜಿಯವರೇ ಅದನ್ನು ಉದ್ಘಾಟಿಸಿದ್ದರು. 1926ರಲ್ಲಿ ಜಾಮಿಯಾದ ಹೊಣೆ ಹೊತ್ತ ಡಾ. ಜಾಕಿರ್ ಹುಸೇನರೂ ಅವರ ಸಂಗಡಿಗರೂ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ವೇತನ ಪಡೆಯದೆ ಇಪ್ಪತ್ತು ವರ್ಷ ದುಡಿಯುವ ಸಂಕಲ್ಪ ತೊಟ್ಟರು. 1936ರಲ್ಲಿ ಸಂಸ್ಥೆಯ ಬಹುಭಾಗ ಓಖ್ಲಾಕ್ಕೆ ಹೋಯಿತಾದರೂ ಮುದ್ರಣಾಲಯ, ಗ್ರಂಥಾಲಯ ಮತ್ತು ಪ್ರಕಟಣ ಶಾಖೆಯಾದ ಮಕ್ತಬಾ ಇಲ್ಲಿಯೇ ಉಳಿದವು. ಮರುವರ್ಷ ಗಾಂಧೀಜಿಯವರ ಮೂಲಶಿಕ್ಷಣ ಯೋಜನೆಗೆ ಖಚಿತರೂಪ ಕೊಡಲು ವಾರ್ಧಾದಲ್ಲಿ ನೇಮಕವಾದ ಸಮಿತಿಗೆ ಜಾಕಿರ್ ಹುಸೇನರೇ ಅಧ್ಯಕ್ಷರಾದರು. ಏಳರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಮಾತೃಭಾಷೆಯಲ್ಲಿ, ಒಂದು ಕೈಕಸಬಿನ ಮೂಲಕ ವಿದ್ಯೆ ದೊರೆಯಬೇಕೆಂಬುದು ಅದರ ಸಾರ.

1947ರ ಸೆಪ್ಟೆಂಬರಿನಲ್ಲಿ ದೆಹಲಿ ಹೊತ್ತಿ ಉರಿಯಿತು. ಮಕ್ತಬಾದ ಗ್ರಂಥರಾಶಿಯೂ ಬೆಂಕಿಗೆ ಆಹುತಿಯಾಯಿತು. ನಷ್ಟವನ್ನು ಏಳು ಲಕ್ಷ ರೂಪಾಯಿಗಳೆಂದು ಜಾಮಿಯಾ ಲೆಕ್ಕಹಾಕಿದೆ. ಕರೋಲ್ ಬಾಗಿನ ಮುಸಲ್ಮಾನ ಕುಟುಂಬಗಳು ಮನೆಮಠ ತೊರೆದು ಹೊರಟವು. ಅಂಥವರಿಗೆ ಪುರಾನಾ ಕಿಲಾ, ಹುಮಾಯೂನನ ಸಮಾಧಿಯ ಆವರಣಗಳೇ ಶಿಬಿರಗಳಾದವು. ತೆರವಾದ ಮನೆಗಳಿಗೆ ಪಶ್ಚಿಮ ಪಂಜಾಬಿನ ನಿರಾಶ್ರಿತರು ಬಂದರು. 1941ರಲ್ಲಿ 9.18 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ರ ಗಣತಿಯಲ್ಲಿ 17.44 ಲಕ್ಷಕ್ಕೆ ಏರಿದ್ದುದು ಈ ಸ್ಥಿತ್ಯಂತರದ ಅಗಾಧತೆಯನ್ನು ಸೂಚಿಸುತ್ತದೆ.

ತಮ್ಮ ಸಂಸ್ಥೆಗೆ ಒದಗಿದ ಹಾನಿಯನ್ನು ಲೆಕ್ಕಿಸದೆ ಜಾಮಿಯಾದ ಅಧ್ಯಾಪಕರೂ ವಿದ್ಯಾರ್ಥಿಗಳೂ ಶಿಬಿರಗಳಲ್ಲಿ ಸ್ವಯಂಸೇವಕರಾಗಿ ದುಡಿದರು. ಅದೇ ಅಕ್ಟೋಬರಿನಲ್ಲಿ ಮಸ್ಸೂರಿಯ ಗಲಭೆಯಲ್ಲಿ ಪತಿಯನ್ನು ಕಳೆದುಕೊಂಡ ಅನೀಸ್ ಕಿದ್ವಾಯಿಯವರು ಗಾಂಧೀಜಿಯವರ ಪ್ರೇರಣೆಯಿಂದ ಶಿಬಿರದ ಹೆಂಗಸರ ಹಾಗೂ ಮಕ್ಕಳ ಸೇವೆಗೆ ನಿಂತರು. ಅವರ ಸ್ಮೃತಿಗ್ರಂಥ ‘ಆಜಾದೀ ಕೀ ಛಾಂವ್ ಮೇಂ’ ಈ ಕಾಲದ ಅಮೂಲ್ಯ ದಾಖಲೆ.

ಇಲ್ಲಿ ಕನ್ನಡನಾಡಿನ ಪಾತ್ರವೂ ಸ್ಮರಣೀಯ. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ, ದೆಹಲಿಯ ಸಮೀಪದ ಛತ್ತರ್‌ಪುರದಲ್ಲಿ ನಿರಾಶ್ರಿತರ ಬೇಸಾಯ ಸಹಕಾರವನ್ನು ಆರಂಭಿಸಿದರು. ಭಿಕ್ಷೆ ನೀಡಿದರೆ ಸಾಲದು, ಬದುಕನ್ನು ಕೈಗೆ ಕೊಡಬೇಕೆಂಬುದು ಅವರ ನಿಲುವು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 30,000 ಜನರಿಗಾಗಿ ಫರೀದಾಬಾದಿನಲ್ಲಿ ಹೊಸ ಊರು ಏಳತೊಡಗಿದಾಗ ಈ ಸಂಘ ಅಲ್ಲಿಯೂ ನೆರವಾಯಿತು. ಅಲ್ಲಿನ ಮಕ್ಕಳ ಶಿಕ್ಷಣದ ಭಾರವನ್ನು ವಹಿಸಿಕೊಂಡವರು ವಾರ್ಧಾದ ಹಿಂದೂಸ್ತಾನೀ ತಾಲೀಮಿ ಸಂಘದ ಆಶಾದೇವಿ ಆರ್ಯನಾಯಕಂ. ತಂದೆತಾಯಂದಿರು ತಮ್ಮ ಮನೆಗಳನ್ನು ತಾವೇ ಕಟ್ಟುತ್ತಿದ್ದ ಊರಿನಲ್ಲಿ ಕಸಬಿನ ಮೂಲಕ ಕಲಿಯುವ ಶಾಲೆ ಹೊರಗಿನದೆನಿಸಲಿಲ್ಲ. ಪಾಠಕ್ರಮ ಕಡಿದುಹೋದ ಬಾಲಕನಿಗೆ ಪುಸ್ತಕಕ್ಕಿಂತ ಮೊದಲು ಕೈಗೊಂದು ಕೆಲಸ, ಜೊತೆಗೊಂದು ಗುಂಪು ಬೇಕಾಗುತ್ತದೆಂಬುದನ್ನು ಮೂಲಶಿಕ್ಷಣ ಅರಿತಿದ್ದಿತು.

ಇದರಲ್ಲಿ ಚರಿತ್ರೆಯ ಒಂದು ವಿಚಿತ್ರ ನ್ಯಾಯವಿದೆ. ಕರೋಲ್ ಬಾಗಿನಲ್ಲಿ ಹತ್ತು ವರ್ಷ ಶಾಲೆ ನಡೆಸಿ ಅನುಭವ ಪಡೆದ ಮುಸಲ್ಮಾನ ವಿದ್ವಾಂಸರೊಬ್ಬರು ರೂಪಿಸಿದ ಯೋಜನೆ, ಗಡಿಯಾಚೆಯಿಂದ ಓಡಿಬಂದ ಹಿಂದೂ ಸಿಖ್ಖ ಮಕ್ಕಳಿಗೆ ಒದಗಿತು. ಆದರೆ ಇದೇ ಓಣಿಗಳಿಂದ ಹೊರಟುಹೋದ ಮಕ್ಕಳನ್ನು ಇಲ್ಲಿ ನೆನೆಯುವವರು ಕಡಿಮೆ. ಬಂದವರ ಕಷ್ಟವನ್ನು ಹೇಳುವ ಚರಿತ್ರೆ ಹೋದವರನ್ನು ಮರೆತರೆ ಅದು ಅರ್ಧ ಚರಿತ್ರೆಯೇ ಸರಿ. ಹೊರನಾಡಿನಲ್ಲಿ ನೆಲೆ ಕಂಡುಕೊಂಡ ನಾವು ಈ ನೆಲದ ಎರಡು ನೆನಪುಗಳನ್ನೂ ಕಾಪಾಡಿಕೊಂಡು ಬರುವುದು ಉಚಿತ.